ಕಾಯಿಲೆ ಮಗುವಿನದು, ತೀರ್ಮಾನ ಯಾರದು?

ಕೆಲವು ವರ್ಷಗಳ ಹಿಂದಿನ ಮಾತು. ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಒಂಬತ್ತು ದಿನ ಹೂಬುಟ್ಟಿ ಹಿಡಿದು ಬಂದು ಕನ್ಯಾಮರಿಯಮ್ಮನವರಿಗೆ ಹೂವರ್ಪಿಸಿದ್ದ ಮಕ್ಕಳು, ಬಲಿಪೂಜೆ ಮುಗಿದ ಮೇಲೆ ಕರಾವಳಿಯ ವಾಡಿಕೆಯಂತೆ ಕಬ್ಬಿಗಾಗಿ ಸಾಲುಗಟ್ಟಿ ನಿಂತಿದ್ದರು. ಹಂಚುತ್ತಿದ್ದವರು ನಾವೇ. ಸಾಲಿನಲ್ಲಿ ಹನ್ನೊಂದು ವರ್ಷದ ಬಾಲಕಿಯೊಬ್ಬಳು ಮುಂದೆ ಬಂದಳು. ಆಕೆಗೆ ಮಧುಮೇಹವಿದೆಯೆಂಬುದೂ, ಎಂಟನೆಯ ವಯಸ್ಸಿನಿಂದ ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿರುವಳೆಂಬುದೂ ನಮಗೆ ತಿಳಿದಿತ್ತು. ಕೈಗೆತ್ತಿಕೊಂಡಿದ್ದ ಕಬ್ಬನ್ನು ಹಿಂದಕ್ಕಿಟ್ಟು, "ನಿನಗೆ ಇದು ಬೇಡ ಮಗಳೇ, ಬೇರೆ ಏನಾದರೂ ಕೊಡೋಣ" ಎಂದೆವು. ನಮ್ಮ ಮಟ್ಟಿಗೆ ಅದು ಪ್ರೀತಿಯ ಮಾತು. ಹಿಂದೆ ನಿಂತಿದ್ದ ಮಕ್ಕಳೆಲ್ಲ ಆಕೆಯನ್ನೇ ನೋಡತೊಡಗಿದರು.

ಆಕೆ ತಲೆ ತಗ್ಗಿಸಲಿಲ್ಲ. "ಕೊಡಿ ಫಾದರ್. ಈಗ ತಿನ್ನುವುದಿಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಅಮ್ಮನೂ ನಾನೂ ಸೇರಿ ಲೆಕ್ಕ ಹಾಕಿ ಒಂದು ತುಂಡು ತಿನ್ನುತ್ತೇನೆ. ಉಳಿದದ್ದು ತಮ್ಮನಿಗೆ" ಎಂದಳು.

ಕಬ್ಬು ಕೊಟ್ಟೆವು. ಆದರೆ ಆ ಮಾತು ಇಂದಿಗೂ ನಮ್ಮ ಮನಸ್ಸಿನಿಂದ ಮಾಸಿಲ್ಲ. ಮೂರು ವರ್ಷಗಳಿಂದ ಆ ಮನೆಗೆ ಹೋಗಿ ಬರುತ್ತಿದ್ದ ನಾವು ಪ್ರತಿ ಬಾರಿಯೂ "ಮಗಳಿಗೆ ಹೇಗಿದೆ?" ಎಂದು ತಾಯಿಯನ್ನು ಕೇಳಿದ್ದೆವೇ ಹೊರತು, ಪಕ್ಕದಲ್ಲೇ ಕುಳಿತಿದ್ದ ಮಗಳನ್ನು ಒಮ್ಮೆಯೂ ಕೇಳಿರಲಿಲ್ಲ. ಕಾಯಿಲೆ ಆಕೆಯದು, ಅದರ ಕುರಿತಾದ ಮಾತು, ಚಿಂತೆ, ತೀರ್ಮಾನ ಎಲ್ಲವೂ ನಮ್ಮದು! ಮಧುಮೇಹ, ಆಸ್ತಮಾ, ಮೂರ್ಛೆರೋಗ, ತಲಸ್ಸೇಮಿಯಾ, ಹಿಮೋಫಿಲಿಯಾ ಮುಂತಾದ ದೀರ್ಘಕಾಲದ ಕಾಯಿಲೆಗಳೊಡನೆ ಬೆಳೆಯುವ ಮಕ್ಕಳಿರುವ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದೇ. ತನ್ನ ಬದುಕಿನಲ್ಲಿ ತನ್ನ ಕೈಗೂ ಒಂದಿಷ್ಟು ಹತೋಟಿಯಿದೆ ಎಂಬ ಭಾವನೆ ಇಂತಹ ಮಗುವಿಗೆ ಎಲ್ಲಿಂದ ಬರಬೇಕು? ಅದನ್ನು ಎಷ್ಟು ಕೊಡಬೇಕು, ಯಾವಾಗ ಕೊಡಬೇಕು? ಹೆತ್ತವರೊಡನೆ ಕುಳಿತು ಆಲೋಚಿಸಬೇಕಾದ ವಿಷಯವಿದು.

ಮೂರು ಬಗೆಯ ಉತ್ತರ

"ನನಗೆ ಆಗುವುದೆಲ್ಲ ಯಾರಿಂದ ಆಗುತ್ತದೆ?" ಎಂಬ ಪ್ರಶ್ನೆಗೆ ಮನುಷ್ಯ ತನ್ನೊಳಗೇ ಒಂದು ಉತ್ತರವನ್ನು ಇಟ್ಟುಕೊಂಡಿರುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಉತ್ತರಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಫಲವು ತನ್ನ ನಡತೆಯನ್ನು ಅವಲಂಬಿಸಿದೆ ಎಂದು ನಂಬುವವರು ಒಂದು ಕಡೆ. ಅದೃಷ್ಟವನ್ನೋ ಇತರರನ್ನೋ ಅವಲಂಬಿಸಿದೆ ಎಂದು ನಂಬುವವರು ಇನ್ನೊಂದು ಕಡೆ. 1973ರಲ್ಲಿ ನೋವಿಕಿ ಮತ್ತು ಸ್ಟ್ರಿಕ್‌ಲ್ಯಾಂಡ್ ಎಂಬವರು ಇದನ್ನು ಮಕ್ಕಳಲ್ಲಿ ಅಳೆಯಲು, 'ಹೌದು' ಅಥವಾ 'ಇಲ್ಲ' ಎಂದು ಉತ್ತರಿಸಬಹುದಾದ 40 ಪ್ರಶ್ನೆಗಳನ್ನು ಸಿದ್ಧಪಡಿಸಿದರು. 1978ರಲ್ಲಿ ವಾಲ್‌ಸ್ಟನ್ ಮತ್ತು ಅವರ ಸಂಗಡಿಗರು ಆರೋಗ್ಯದ ವಿಷಯಕ್ಕೆ ಬಂದಾಗ ಎರಡು ಬಗೆ ಸಾಲದೆಂದು ಕಂಡು ಮೂರು ಮಾಡಿದರು: ನಾನು, ಬಲವುಳ್ಳ ಇತರರು, ಅದೃಷ್ಟ.

ಈ ಮೂರೂ ಉತ್ತರಗಳು ನಮ್ಮ ಮನೆಗಳ ಜಗಲಿಯಲ್ಲಿ ಕೇಳಿಬರುವಂಥವೇ. "ಎಲ್ಲ ಹಣೆಯಲ್ಲಿ ಬರೆದಂತೆ" ಎನ್ನುವುದು ಒಂದು. "ಡಾಕ್ಟರರು ಹೇಳಿದಂತೆ ಮಾಡು, ನಿನಗೇನು ಗೊತ್ತು?" ಎನ್ನುವುದು ಇನ್ನೊಂದು. "ನನ್ನ ಕೈಯಲ್ಲೂ ಸ್ವಲ್ಪ ಇದೆ" ಎನ್ನುವುದು ಮೂರನೆಯದು. ಮೊದಲಿನ ಎರಡನ್ನು ಮಗು ದಿನಕ್ಕೆ ಹತ್ತು ಬಾರಿ ಕೇಳುತ್ತದೆ. ಮೂರನೆಯದನ್ನು ಯಾರೂ ಅದಕ್ಕೆ ಹೇಳಿಕೊಡುವುದಿಲ್ಲ.

ವೈದ್ಯರನ್ನು ನಂಬುವುದು ತಪ್ಪಲ್ಲ. ಚಿಕ್ಕ ಮಗುವಿಗೆ ಅದು ಅಗತ್ಯವೂ ಹೌದು. ಆದರೆ ತಾನು ಏನು ಮಾಡಿದರೂ ಮಾಡದಿದ್ದರೂ ಒಂದೇ ಎಂದು ಮನಸ್ಸಿಗೆ ನಾಟಿದರೆ ಮಗು ಪ್ರಯತ್ನವನ್ನೇ ಕೈಬಿಡುತ್ತದೆ. ಮಾತ್ರೆಯನ್ನು ದಿಂಬಿನಡಿಗೆ ಸೇರಿಸುವ, "ಚುಚ್ಚಿಕೊಂಡೆ" ಎಂದು ಸುಳ್ಳು ಹೇಳುವ ಮಕ್ಕಳೆಲ್ಲ ಹಟಮಾರಿಗಳೆಂದು ಭಾವಿಸಬಾರದು. ಅವರಲ್ಲಿ ಕೆಲವರು ಸೋತು ಕುಳಿತವರು.

ದೇಹವೂ ಸ್ವಲ್ಪ ಕೈಗೆ ಬಂದ ಕಥೆ

ನಮಗೆ ಹತ್ತಿರದಿಂದ ಕಂಡ ಮಧುಮೇಹವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಒಂದನೆಯ ಬಗೆಯ ಮಧುಮೇಹವು ಸಿಹಿ ತಿಂದುದರಿಂದ ಬರುವುದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಉತ್ಪಾದಿಸುವ ಜೀವಕೋಶಗಳನ್ನು ನಾಶಪಡಿಸುತ್ತದೆ. ಒಂದು ಶತಮಾನದ ಹಿಂದೆ ಇದಕ್ಕೆ ಮದ್ದಿರಲಿಲ್ಲ. ಅನ್ನಾಹಾರವನ್ನು ಮಿತಿಮೀರಿ ಕಡಿಮೆ ಮಾಡಿ ಮಗುವನ್ನು ಕೆಲವು ತಿಂಗಳೋ ಕೆಲವು ವರ್ಷವೋ ಉಳಿಸಿಕೊಳ್ಳುತ್ತಿದ್ದರು, ಅಷ್ಟೆ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಶೋಧದಲ್ಲಿ ಯಶಸ್ವಿಯಾದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದ ರೋಗಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕ. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು ಎಲಿಜಬೆತ್ ಹ್ಯೂಸ್ ಮೂಳೆಚಕ್ಕಳವಾಗಿ ಟೊರಾಂಟೊಕ್ಕೆ ಬಂದಳು. ಇನ್ಸುಲಿನ್ ಪಡೆದ ಆಕೆ ಮುಂದೆ ವ್ಯಾಸಂಗ ಮಾಡಿ, ಮದುವೆಯಾಗಿ, ಮಕ್ಕಳನ್ನು ಹೆತ್ತು 1981ರವರೆಗೆ ಬದುಕಿದಳು.

ಇನ್ಸುಲಿನ್ ಕಾಯಿಲೆಯನ್ನು ವಾಸಿ ಮಾಡಲಿಲ್ಲ. ಅದು ದಿನನಿತ್ಯದ ಕೆಲಸವೊಂದನ್ನು ಮನೆಯವರ ಕೈಗೆ ಒಪ್ಪಿಸಿತು. ಎಷ್ಟು ಉಣ್ಣಬೇಕು, ಎಷ್ಟು ಆಡಬೇಕು, ಎಷ್ಟು ಚುಚ್ಚಬೇಕು ಎಂಬ ಲೆಕ್ಕವನ್ನು ಆಸ್ಪತ್ರೆ ಮಾಡಲಾರದು; ಅದು ಅಡುಗೆಮನೆಯಲ್ಲಿ, ಶಾಲೆಯ ಬೆಂಚಿನಲ್ಲಿ, ಆಟದ ಬಯಲಿನಲ್ಲಿ ನಡೆಯಬೇಕು. ಆ ಲೆಕ್ಕಕ್ಕೆ ಬೆಲೆಯಿದೆ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ 13ರಿಂದ 39 ವಯಸ್ಸಿನ 1,441 ರೋಗಿಗಳನ್ನೊಳಗೊಂಡ ಬೃಹತ್ ಅಧ್ಯಯನವೊಂದು ನಡೆಯಿತು. ಸಕ್ಕರೆಯನ್ನು ಬಿಗಿಯಾದ ಹತೋಟಿಯಲ್ಲಿಟ್ಟುಕೊಂಡವರಲ್ಲಿ ಕಣ್ಣಿನ ತೊಂದರೆ ಹುಟ್ಟುವ ಅಪಾಯ ಶೇಕಡ 76ರಷ್ಟು ಕಡಿಮೆಯಾಯಿತು. ಅದೇ ವೇಳೆ ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಿದವು. ಹತೋಟಿ ಫಲ ಕೊಡುತ್ತದೆ. ಆದರೆ ಅದು ಭಾರವೂ ಹೌದು.

ನನ್ನದು, ನನ್ನದಲ್ಲದ್ದು, ನಮ್ಮದು

ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುತ್ತಿದ್ದ ದಿನಗಳಲ್ಲಿ ಎಪಿಕ್ಟೆಟಸ್‌ನನ್ನು ಓದಿದ್ದೆವು. ಗುಲಾಮನಾಗಿ ಹುಟ್ಟಿದ, ಕಾಲು ಕುಂಟಾಗಿದ್ದ ಈ ದಾರ್ಶನಿಕ ಜಗತ್ತಿನ ಸಂಗತಿಗಳನ್ನೆಲ್ಲ ಎರಡು ರಾಶಿ ಮಾಡಿದ. ನಮ್ಮ ವಶದಲ್ಲಿರುವುವು ಒಂದು ರಾಶಿ, ವಶದಲ್ಲಿಲ್ಲದುವು ಇನ್ನೊಂದು. ನಮ್ಮ ಅಭಿಪ್ರಾಯ, ಬಯಕೆ, ಸಂಕಲ್ಪಗಳನ್ನು ಮೊದಲನೆಯದರಲ್ಲೂ ನಮ್ಮ ದೇಹವನ್ನು ಎರಡನೆಯದರಲ್ಲೂ ಇಟ್ಟ. ಎರಡನೆಯ ರಾಶಿಗಾಗಿ ಕೊರಗುವವನಿಗೆ ನೆಮ್ಮದಿಯಿಲ್ಲ ಎಂಬುದು ಅವನ ಬೋಧನೆಯ ತಿರುಳು.

ಈ ವಿಭಜನೆಯನ್ನು ನಾವು ಬಹುಕಾಲ ಮೆಚ್ಚಿಕೊಂಡಿದ್ದೆವು. ಕಬ್ಬಿನ ಸಾಲಿನಲ್ಲಿ ಆ ಬಾಲಕಿಯಾಡಿದ ಮಾತಿನಲ್ಲಿ ಮೂರನೆಯ ರಾಶಿಯೊಂದು ಕಾಣಿಸಿತು. "ಅಮ್ಮನೂ ನಾನೂ ಸೇರಿ" ಎಂದಿದ್ದಳು ಆಕೆ. ಕಾಯಿಲೆ ಬಂದದ್ದು ಆಕೆಯ ವಶದಲ್ಲಿರಲಿಲ್ಲ. ಅದು 'ನನ್ನದಲ್ಲದ್ದು'. ಯಾವ ಬೆರಳಿನಿಂದ ರಕ್ತ ತೆಗೆಯಬೇಕು, ಕಬ್ಬನ್ನು ಈಗ ತಿನ್ನಬೇಕೋ ಆಮೇಲೆ ತಿನ್ನಬೇಕೋ, ಗೆಳತಿಯರಿಗೆ ಏನು ಹೇಳಬೇಕು ಎಂಬುದು 'ನನ್ನದು'. ಇನ್ಸುಲಿನ್ನಿನ ಪ್ರಮಾಣ, ಆಹಾರದ ಲೆಕ್ಕ ಇವು ಒಬ್ಬರ ಕೈಯಲ್ಲೇ ಇರುವಂಥವಲ್ಲ. ಅವು 'ನಮ್ಮದು'.

ದೀರ್ಘ ಕಾಯಿಲೆಯ ಮಗುವನ್ನು ಬೆಳೆಸುವುದೆಂದರೆ ಈ ಮೂರು ರಾಶಿಗಳನ್ನು ಕಲಸಿಹೋಗದಂತೆ ಕಾಯುವುದು, ಮಗು ಬೆಳೆದಂತೆ 'ನಮ್ಮದು' ಎಂಬುದರಿಂದ 'ನನ್ನದು' ಎಂಬುದಕ್ಕೆ ಒಂದೊಂದನ್ನೇ ದಾಟಿಸುತ್ತ ಹೋಗುವುದು. ಎಡವುವವರು ಎರಡು ರೀತಿಯಲ್ಲಿ ಎಡವುತ್ತಾರೆ.

ಎರಡು ತಪ್ಪುಗಳು

ಎಲ್ಲವನ್ನೂ ದೊಡ್ಡವರೇ ಹಿಡಿದುಕೊಳ್ಳುವುದು ಮೊದಲನೆಯ ತಪ್ಪು. ಇದು ಪ್ರೀತಿಯ ವೇಷದಲ್ಲಿ ಬರುವುದರಿಂದ ಗುರುತಿಸುವುದು ಕಷ್ಟ. ಹದಿನಾಲ್ಕರ ಹುಡುಗನಿಗೆ ತಾಯಿಯೇ ಚುಚ್ಚುತ್ತಾಳೆ, ತಂದೆಯೇ ವೈದ್ಯರೊಡನೆ ಮಾತಾಡುತ್ತಾನೆ, ಅಜ್ಜಿ ತಟ್ಟೆಯಿಂದ ತಿಂಡಿ ತೆಗೆಯುತ್ತಾಳೆ. ಇಂತಹ ಹುಡುಗ ಕಾಲೇಜಿಗೆಂದು ಊರು ಬಿಟ್ಟು ಹಾಸ್ಟೆಲ್ ಸೇರಿದ ದಿನ ತನ್ನ ದೇಹದ ಬಗ್ಗೆ ಏನೂ ತಿಳಿಯದ ಅಪರಿಚಿತನಾಗಿರುತ್ತಾನೆ.

ಎಲ್ಲವನ್ನೂ ಬೇಗನೇ ಮಗುವಿನ ತಲೆಗೆ ಕಟ್ಟುವುದು ಎರಡನೆಯ ತಪ್ಪು. "ನೀನು ದೊಡ್ಡವಳಾದೆ, ಇನ್ನು ನೀನೇ ನೋಡಿಕೊ" ಎಂದು ಕೈತೊಳೆದುಕೊಳ್ಳುವುದು ಸ್ವಾತಂತ್ರ್ಯ ಕೊಟ್ಟಂತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವೈಸಾಕಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸಿನ ಪ್ರೌಢತೆಗೆ ಮೀರಿದ ಹೊಣೆ ಹೊತ್ತ ಮಧುಮೇಹಿ ಮಕ್ಕಳು ಚಿಕಿತ್ಸೆಯನ್ನು ಸರಿಯಾಗಿ ಪಾಲಿಸದೆ, ಹೆಚ್ಚು ಬಾರಿ ಆಸ್ಪತ್ರೆ ಸೇರಿದುದು ಕಂಡುಬಂದಿತು.

ಈ ಎರಡನೆಯ ತಪ್ಪಿನ ಬೆನ್ನಿಗೇ ಇನ್ನೊಂದು ಅಪಾಯವಿದೆ. ಹತೋಟಿ ತನ್ನದೆಂದು ನಂಬಿದ ಮಗು ಅಪರಾಧವೂ ತನ್ನದೆಂದು ನಂಬುತ್ತದೆ. ನಮಗೆ ತಿಳಿದ ಬಾಲಕನೊಬ್ಬ ಸಕ್ಕರೆಯ ಪುಸ್ತಕದಲ್ಲಿ ತಿಂಗಳುಗಟ್ಟಲೆ ಸುಳ್ಳು ಅಂಕಿ ಬರೆದಿದ್ದ. ಅಂಕಿ ಹೆಚ್ಚಿದ ದಿನ ತಂದೆ "ಏನು ಕದ್ದು ತಿಂದೆ?" ಎಂದು ಗದರುತ್ತಿದ್ದರು. ಹುಡುಗ ತಿಂದಿರಲಿಲ್ಲ. ಹರೆಯದಲ್ಲಿ ದೇಹದ ಹಾರ್ಮೋನುಗಳಿಂದಾಗಿ ಇನ್ಸುಲಿನ್ನಿನ ಪರಿಣಾಮ ತಗ್ಗುತ್ತದೆ. ಜ್ವರ ಬಂದರೂ ಸಕ್ಕರೆ ಏರುತ್ತದೆ. ಅಂಕಿಯೆಂಬುದು ಮುಂದೇನು ಮಾಡಬೇಕೆಂದು ತಿಳಿಸುವ ಸುದ್ದಿ. ಅದನ್ನು ಪರೀಕ್ಷೆಯ ಅಂಕದಂತೆ ನೋಡಿದ ಮನೆಯಲ್ಲಿ ಮಗು ನಕಲು ಮಾಡುವುದು ಸಹಜ.

ಶಿಕ್ಷೆಯ ಮಾತನ್ನೂ ಇಲ್ಲಿ ಹೇಳಬೇಕು. ಚಿಕ್ಕ ಮಕ್ಕಳು ಕಾಯಿಲೆಯನ್ನು ತಾವು ಮಾಡಿದ ಯಾವುದೋ ತಪ್ಪಿಗೆ ಬಂದ ದಂಡನೆಯೆಂದು ತಾವಾಗಿಯೇ ಭಾವಿಸುವುದುಂಟು. ದೊಡ್ಡವರೂ "ಯಾವ ಪಾಪಕ್ಕೋ ಏನೋ" ಎಂದು ನಿಟ್ಟುಸಿರಿಟ್ಟರೆ ಆ ಭಾವನೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹುಟ್ಟುಕುರುಡನನ್ನು ತೋರಿಸಿ, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ಹೆತ್ತವರದೂ ಅಲ್ಲವೆಂದು ಯೇಸುಸ್ವಾಮಿ ಉತ್ತರಿಸಿದುದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದುತ್ತೇವೆ. ಓದಿದ್ದನ್ನು ಮನೆಗೆ ಬಂದು ಮರೆಯುತ್ತೇವೆ. "ಇದು ನಿನ್ನ ತಪ್ಪಲ್ಲ" ಎಂಬ ಮಾತನ್ನು ಮಗುವಿಗೆ ಒಮ್ಮೆ ಹೇಳಿದರೆ ಸಾಲದು. ವಯಸ್ಸು ಏರಿದಂತೆ ಹೊಸ ಮಾತುಗಳಲ್ಲಿ ಮತ್ತೆ ಮತ್ತೆ ಹೇಳಬೇಕು.

ಬದಲಿಸಲಾಗದುದರ ಎದುರಿನಲ್ಲಿ

ಕೆಲವು ಗಳಿಗೆಗಳಲ್ಲಿ ಮಗುವಿನ ಕೈಯಲ್ಲಿ ಏನೂ ಇರುವುದಿಲ್ಲ. ಸೂಜಿ ಬರಲೇಬೇಕು, ನೋವಾಗಲೇಬೇಕು. ಆಗ ಹತೋಟಿಯ ಮಾತು ಪೊಳ್ಳಲ್ಲವೇ?

ಪೊಳ್ಳಲ್ಲ. 1982ರಲ್ಲಿ ರಾತ್‌ಬಾಮ್, ವೈಸ್ ಮತ್ತು ಸ್ನೈಡರ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಹತೋಟಿಗೆ ಎರಡು ಮುಖಗಳಿವೆಯೆಂದು ತೋರಿಸಿದರು. ಪರಿಸ್ಥಿತಿಯನ್ನು ಬದಲಿಸುವುದು ಒಂದು. ಪರಿಸ್ಥಿತಿಗೆ ತನ್ನನ್ನು ಹೊಂದಿಸಿಕೊಳ್ಳುವುದು ಇನ್ನೊಂದು. 1994ರಲ್ಲಿ ವೈಸ್ ಮತ್ತು ಸಂಗಡಿಗರು, ರಕ್ತದ ಕ್ಯಾನ್ಸರಿಗಾಗಿ ಬೆನ್ನುಮೂಳೆಗೆ ಸೂಜಿ ಚುಚ್ಚಿಸಿಕೊಳ್ಳುವಂತಹ ನೋವಿನ ಚಿಕಿತ್ಸೆಗೆ ಒಳಗಾಗುತ್ತಿದ್ದ ಮಕ್ಕಳನ್ನು ಗಮನಿಸಿದರು. ತಪ್ಪಿಸಿಕೊಳ್ಳಲು ಹೋರಾಡಿದವರಿಗಿಂತಲೂ, ಕೈಚೆಲ್ಲಿ ಮಲಗಿದವರಿಗಿಂತಲೂ, ಮನಸ್ಸನ್ನು ಬೇರೆಡೆಗೆ ತಿರುಗಿಸಿ ತಮ್ಮನ್ನು ತಾವು ಹೊಂದಿಸಿಕೊಂಡ ಮಕ್ಕಳೇ ಹೆಚ್ಚು ನೆಮ್ಮದಿಯಿಂದಿದ್ದರು.

ಮೂರಕ್ಕೆ ಚುಚ್ಚಬೇಕೋ ಐದಕ್ಕೆ ಚುಚ್ಚಬೇಕೋ ಎಂದು ತಾನೇ ಎಣಿಸುವ ಮಗು, ಚುಚ್ಚುವಾಗ ಅಪ್ಪನ ಕೈ ಹಿಡಿಯಬೇಕೋ ಕಣ್ಣು ಮುಚ್ಚಬೇಕೋ ಎಂದು ತಾನೇ ಆಯುವ ಮಗು, ಸೂಜಿಯನ್ನು ತಡೆಯಲಿಲ್ಲ. ಆದರೂ ಸೂಜಿಯ ಎದುರಿನಲ್ಲಿ ಅದು ಬರೇ ವಸ್ತುವಾಗಿ ಉಳಿಯಲಿಲ್ಲ.

ಮನೆಯಲ್ಲಿ ಮಾಡಬಹುದಾದುದು

ಮಕ್ಕಳ ತಿಳಿವಳಿಕೆಯನ್ನು ನಾವು ಕಡಿಮೆಯಾಗಿ ಅಳೆಯುತ್ತೇವೆ. ಇಂಗ್ಲೆಂಡಿನಲ್ಲಿ ಪ್ರಿಸಿಲ್ಲಾ ಆಲ್ಡರ್ಸನ್ ಮತ್ತು ಸಂಗಡಿಗರು 3ರಿಂದ 12 ವಯಸ್ಸಿನ 24 ಮಧುಮೇಹಿ ಮಕ್ಕಳನ್ನು ಮಾತಾಡಿಸಿ 2006ರಲ್ಲಿ ಪ್ರಕಟಿಸಿದ ವರದಿಯು, ತೀರ ಎಳೆಯ ಮಕ್ಕಳೂ ತಮ್ಮ ಆರೈಕೆಯಲ್ಲಿ ದೊಡ್ಡವರ ಜೊತೆಗಾರರಾಗಬಲ್ಲರೆಂದು ತಿಳಿಸಿತು. ವಯಸ್ಸಿಗಿಂತಲೂ ಅನುಭವ ದೊಡ್ಡ ಗುರು.

ಆದುದರಿಂದ ಹೆತ್ತವರಲ್ಲಿ ಕೆಲವು ವಿನಂತಿಗಳು. ನಾಲ್ಕೈದು ವರ್ಷದ ಮಗುವಿಗೆ ಬೆರಳನ್ನೂ ಚುಚ್ಚುವ ಜಾಗವನ್ನೂ ಆಯಲು ಬಿಡಿ. ಆದರೆ "ಚುಚ್ಚಲೇ?" ಎಂದು ಕೇಳಬೇಡಿ. 'ಬೇಡ' ಎಂಬ ಉತ್ತರವನ್ನು ನೀವು ಒಪ್ಪಲಾರಿರಿ. ಒಪ್ಪಲಾಗದ ಪ್ರಶ್ನೆಯನ್ನು ಕೇಳುವುದು ಮಗುವಿಗೆ ಮೋಸ. "ಎಡಗಾಲಿಗೋ ಬಲಗಾಲಿಗೋ?" ಎಂಬುದು ನಿಜವಾದ ಪ್ರಶ್ನೆ. ಎಂಟು ಹತ್ತು ವರ್ಷದವರು ಸಕ್ಕರೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಲಿ. ಇನ್ಸುಲಿನ್ನಿನ ಪ್ರಮಾಣವನ್ನು ಮೊದಲು ಅವರು ಹೇಳಲಿ, ನಂತರ ನೀವು ಪರಿಶೀಲಿಸಿರಿ. ಹರೆಯದವರ ಕೈಗೆ ಕೆಲಸವನ್ನು ಒಪ್ಪಿಸಿದ ಮೇಲೂ ದಿನಕ್ಕೊಮ್ಮೆ ಜೊತೆಯಲ್ಲಿ ಕುಳಿತು ಅಂಕಿಗಳನ್ನು ನೋಡಿರಿ, ಗದರದೆ ನೋಡಿರಿ. ವೈದ್ಯರ ಬಳಿ ಹೋದಾಗ ಮೊದಲ ಮಾತು ಮಗುವಿನದಾಗಿರಲಿ. ತಪ್ಪಿದ ದಿನ "ಮುಂದೇನು ಮಾಡೋಣ?" ಎಂದು ಕೇಳಿರಿ. 'ಮಾಡೋಣ' ಎಂಬ ಆ ಒಂದು ಪದದಲ್ಲಿ ಎಷ್ಟೋ ಧೈರ್ಯ ಅಡಗಿದೆ.

ಶಾಲೆಯ ಹೊಣೆ

ಮನೆಯಲ್ಲಿ ಕೊಟ್ಟ ಹತೋಟಿಯನ್ನು ಶಾಲೆ ಕಿತ್ತುಕೊಳ್ಳಬಾರದು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮಗು ನಡುಗುತ್ತದೆ, ಬೆವರುತ್ತದೆ, ಮಂಕಾಗುತ್ತದೆ. ಆಗ ಸುಮಾರು 15 ಗ್ರಾಂ ಸಕ್ಕರೆಯಂಶವನ್ನು ಕೂಡಲೇ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕೆಂಬುದು ಸಾಮಾನ್ಯ ಸೂತ್ರ. ಎಳೆಯ ಮಕ್ಕಳಿಗೆ ಇನ್ನೂ ಕಡಿಮೆ ಸಾಕೆಂದು ವೈದ್ಯರು ತಿಳಿಸುತ್ತಾರೆ. "ಪಾಠದ ನಡುವೆ ತಿನ್ನಬಾರದು" ಎಂಬ ನಿಯಮವೂ, ಆಸ್ತಮಾ ಇರುವ ಮಗುವಿನ ಇನ್‌ಹೇಲರನ್ನು ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯೂ ಶಿಸ್ತೆನಿಸಿಕೊಳ್ಳಲಾರವು.

ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿ 2017ರಲ್ಲಿ, ಮಧುಮೇಹವಿರುವ ವಿದ್ಯಾರ್ಥಿಗಳು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಮುಂತಾದುವನ್ನು ಒಯ್ಯಲು ಅನುಮತಿ ನೀಡಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು, ಇಂತಹ ಮಕ್ಕಳಿಗೆ ತರಗತಿಯಲ್ಲೂ ಪರೀಕ್ಷೆಯಲ್ಲೂ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಅಗತ್ಯವಾದಾಗ ತಿಂಡಿ ತಿನ್ನಲು ಅವಕಾಶವಿರಬೇಕೆಂದು ರಾಜ್ಯಗಳಿಗೆ ಪತ್ರ ಬರೆಯಿತು. ನಮ್ಮ ಶಾಲೆಗಳ ಮುಖ್ಯೋಪಾಧ್ಯಾಯರು ಇದನ್ನು ಅಧ್ಯಾಪಕರ ಸಭೆಯಲ್ಲಿ ಓದಿ ಹೇಳಿದರೆ ಅರ್ಧ ಕೆಲಸ ಆದಂತೆ.

ಕೇಳುವುದನ್ನು ಕಲಿಯೋಣ

ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸು ಮತ್ತು ಪ್ರೌಢತೆಗೆ ತಕ್ಕ ಬೆಲೆ ಸಲ್ಲಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ನಮ್ಮ ಧರ್ಮಕೇಂದ್ರಗಳಿಗೂ ಇದು ಅನ್ವಯಿಸುತ್ತದೆ. ಅಸ್ವಸ್ಥರಿಗಾಗಿ ಪ್ರಾರ್ಥಿಸುವಾಗ ಮಗುವೊಂದರ ಹೆಸರನ್ನೂ ಕಾಯಿಲೆಯನ್ನೂ ಪೀಠದಿಂದ ಸಾರುವ ಮೊದಲು ಆ ಮಗುವನ್ನು ಕೇಳಿದ್ದೇವೆಯೇ? ಮೇಲೆ ಹೇಳಿದ ಎಲಿಜಬೆತ್ ತನ್ನ ಕಾಯಿಲೆಯ ಸಂಗತಿಯನ್ನು ಮುಂದಿನ ಜೀವನದಲ್ಲಿ ಬಹುಮಂದಿಗೆ ತಿಳಿಯಗೊಡದೆ ಬದುಕಿದಳು. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದೂ 'ನನ್ನದು' ಎಂಬ ರಾಶಿಗೆ ಸೇರಿದುದೇ. ಒಂದು ಮಾತನ್ನು ಮಾತ್ರ ಮರೆಯಬಾರದು: ಸಕ್ಕರೆ ಕುಸಿದಾಗ ನೆರವಾಗಬೇಕಾದ ಅಧ್ಯಾಪಕರಿಗೂ ಒಬ್ಬಿಬ್ಬರು ಗೆಳೆಯರಿಗೂ ವಿಷಯ ತಿಳಿದಿರಲೇಬೇಕು. ಅದನ್ನು ಹೇಗೆ ಹೇಳಬೇಕೆಂಬುದನ್ನು ಮಗುವಿನೊಡನೆ ಕುಳಿತು ನಿರ್ಧರಿಸೋಣ.

ಜೆರಿಕೋ ಪಟ್ಟಣದ ದಾರಿಯಲ್ಲಿ ಕೂಗಿಕೊಂಡ ಕುರುಡನನ್ನು ಜನ ಗದರಿಸಿ ಸುಮ್ಮನಿರಿಸಲು ಯತ್ನಿಸಿದರು. ಅವನಿಗೆ ಏನು ಬೇಕೆಂಬುದು ನೋಡಿದವರಿಗೆಲ್ಲ ತಿಳಿಯುವಂತಿತ್ತು. ಆದರೂ ಯೇಸುಸ್ವಾಮಿ ಅವನನ್ನು ಕರೆಸಿ, ಅವನಿಗೆ ಏನಾಗಬೇಕೆಂದು ಅವನನ್ನೇ ಕೇಳಿದರು. ಉತ್ತರ ತಿಳಿದಿದ್ದರೂ ಕೇಳುವುದು ಗೌರವದ ಲಕ್ಷಣ. ಉತ್ತರ ತಿಳಿಯದೆಯೂ ಕೇಳದೆ ಇದ್ದವರು ನಾವು.

ಮರುವರ್ಷದ ಮೊಂತಿ ಹಬ್ಬದಲ್ಲಿ ಅದೇ ಬಾಲಕಿ ಸಾಲಿನಲ್ಲಿ ಬಂದಾಗ ಕಬ್ಬಿನ ರಾಶಿಯನ್ನು ತೋರಿಸಿ, "ಯಾವುದು ಬೇಕು, ನೀನೇ ಆರಿಸಿಕೊ" ಎಂದೆವು. ಆಕೆ ಅತ್ಯಂತ ಉದ್ದದ ಕಬ್ಬನ್ನೇ ಎತ್ತಿಕೊಂಡಳು. ನಾವು ಹುಬ್ಬೇರಿಸಿದುದನ್ನು ಕಂಡು ನಕ್ಕು, "ತಮ್ಮ ಈ ವರ್ಷ ದೊಡ್ಡವನಾಗಿದ್ದಾನೆ ಫಾದರ್" ಎಂದಳು.